ಲೇಪದಡಿಯ ಅಂಗೈ

ಆ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಆಕಾಶ ಒರೆಸದ ಸ್ಲೇಟಿನ ಹಾಗೆ ಬೂದುಬಣ್ಣಕ್ಕೆ ತಿರುಗಿ ತಲೆಯ ಮೇಲೆ ಕೂತಿತ್ತು. ಕಾರ್ಖಾನೆಯ ಚಿಮಣಿಯಿಂದ ಹೊರಟ ಹೊಗೆ ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ಚಾವಣಿಯ ಮೇಲೆ ಮಲಗಿಬಿಟ್ಟಿತ್ತು. ಮಳೆ ಬರುವ ಹಾಗೂ ಇಲ್ಲ, ಬಿಸಿಲು ಬೀಳುವ ಹಾಗೂ ಇಲ್ಲ. ದೇವರು ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದಂಥ ಬೆಳಿಗ್ಗೆ.

ಗೋದಾಮಿನ ನೆಲದಲ್ಲಿ ಮೇಷ್ಟ್ರು ಮಂಡಿಯೂರಿ ಕೂತಿದ್ದರು. ಎದುರಿಗೆ ಗೋಣಿತಟ್ಟಿನ ಮೇಲೆ ಎರಡು ತುಂಡಾದ ಉಕ್ಕಿನ ಪ್ಲೇಟು.

“ಇನ್ನೂ ಎಷ್ಟು ಹೊತ್ತು ನೋಡ್ತೀರಿ? ಅದೇನು ಮಾತಾಡುತ್ತಾ?” ಬಾಗಿಲಲ್ಲಿ ನಿಂತ ಸೂಪರ್‌ವೈಸರ್ ಕೇಳಿದ. ಸೂರು ಹತ್ತಿ ಉರಿದರೂ ಅಂಗಿಯ ಮಡಿಕೆ ಕೆಡಿಸಿಕೊಳ್ಳದ ಮನುಷ್ಯ. ಕಾರ್ಖಾನೆಯವರು ಅವನನ್ನು ಕರೆಯುತ್ತಿದ್ದುದೇ ಇಸ್ತ್ರಿ ಎಂದು.

“ಮಾತಾಡುತ್ತಪ್ಪ. ಪಕ್ಕದಲ್ಲಿರೋರು ಸ್ವಲ್ಪ ಸುಮ್ಮನಿದ್ದರೆ ಕೇಳಿಸುತ್ತೆ.”

ಹತ್ತೊಂಬತ್ತು ದಿನದ ಹಿಂದೆ ಹಡಗುಕಟ್ಟೆಯಲ್ಲಿ ದೋಣಿ ಎತ್ತುವ ಚೌಕಟ್ಟಿನ ಈ ಪ್ಲೇಟು ಮುರಿದಿತ್ತು. ಎತ್ತಿದ ದೋಣಿ ಕೆಳಗೆ ಹಗ್ಗ ಕಟ್ಟುತ್ತಿದ್ದವನ ಮೇಲೆ ಬಿತ್ತು. ನಲವತ್ತೆರಡರ ಪ್ರಾಯ, ಇಬ್ಬರು ಮಕ್ಕಳು. ಪ್ಲೇಟಿಗೆ ಲೇಪ ಹಾಕಿದ ಮಷೀನಿನವನು ನಿನ್ನೆ ಸಂಜೆ ಠಾಣೆಯಲ್ಲಿ ತಪ್ಪೊಪ್ಪಿಗೆಗೆ ರುಜು ಹಾಕಿದ್ದ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಆ ಕಾಗದ ನ್ಯಾಯಾಲಯಕ್ಕೆ ಹೋಗುತ್ತದೆ. ಹೋದರೆ ಅವನು ವರ್ಷಗಟ್ಟಲೆ ಜೈಲಿನಲ್ಲಿ.

ಅವನನ್ನು ಎಲ್ಲರೂ ಗಿರಗಿಟ್ಲೆ ಅನ್ನುತ್ತಿದ್ದರು. ಮೂವತ್ತು ವರ್ಷದ ಹಿಂದೆ ತರಬೇತಿ ಶಾಲೆಯಲ್ಲಿ ಒಂದು ಕಡೆ ನಿಲ್ಲಲಾರದ ಹುಡುಗನಿಗೆ ಆ ಹೆಸರಿಟ್ಟವರೇ ಮೇಷ್ಟ್ರು. ಲೋಹದ ಕೆಲಸ ಕಲಿಸಿ ನಿವೃತ್ತರಾದ ಮೇಲೆ ಬೀಗ, ಕೀಲಿ, ಮುರಿದ ಸರಳು ಎಂದು ಏನೇ ಬಂದರೂ ಪೊಲೀಸರು ಅವರನ್ನೇ ಕರೆಯುತ್ತಿದ್ದರು. ಏಳು ಪ್ರಕರಣ ಬಿಡಿಸಿಕೊಟ್ಟಿದ್ದರು. ಈ ಎಂಟನೆಯದಕ್ಕೆ ಮಾತ್ರ ಕರೆಯದೆ ಬಂದಿದ್ದರು. ಶಿಷ್ಯ ಒಳಗೆ ಕೂತಿರುವಾಗ ಮನೆಯ ಜಗಲಿಯಲ್ಲಿ ಜಪ ಮಾಡುತ್ತ ಕೂರುವುದು ಅವರಿಂದ ಆಗಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಬಾಗಿದರು.

ಉಕ್ಕಿನ ಮೇಲೆ ಅಲ್ಯೂಮಿನಿಯಂ ಹತ್ತಿಸುವುದು ಬಣ್ಣ ಬಳಿಯುವಷ್ಟು ಸುಲಭವಲ್ಲ. ಕೈಬೆರಳು ದಪ್ಪದ ಅಲ್ಯೂಮಿನಿಯಂ ಸರಳನ್ನು ಮಷೀನು ಗಿರಗಿರನೆ ತಿರುಗಿಸುತ್ತ ಉಕ್ಕಿಗೆ ಒತ್ತುತ್ತದೆ. ತಿಕ್ಕಾಟದ ಬಿಸಿಗೆ ಸರಳಿನ ತುದಿ ಕರಗುವುದಿಲ್ಲ, ಮೇಣದ ಹಾಗೆ ಮೆತ್ತಗಾಗುತ್ತದೆ. ಮಷೀನು ಮುಂದಕ್ಕೆ ಸರಿದಂತೆ ಆ ಮೆತ್ತನೆಯದು ಉಕ್ಕಿನ ಮೇಲೆ ಪಟ್ಟಿಯಾಗಿ ಕೂತು, ಹಿಡಿದು, ಬಿಡದಾಗುತ್ತದೆ. ಪಟ್ಟಿಯ ಪಕ್ಕ ಪಟ್ಟಿ ಹಾಸಿದರೆ ಉಪ್ಪುನೀರು ಉಕ್ಕಿನ ಹತ್ತಿರ ಸುಳಿಯಲಾರದು. ಆದರೆ ಉಕ್ಕು ಶುದ್ಧವಾಗಿರಬೇಕು. ಉಜ್ಜಿ, ಒರೆಸಿ, ಹದವಾಗಿ ಬಿಸಿ ಮಾಡಿದ ಮೇಲೆ ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಜಿಡ್ಡಿದ್ದ ಕಡೆ ಲೇಪ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ.

ಈ ಪ್ಲೇಟಿನಲ್ಲಿ ಆದದ್ದು ಅದೇ. ಸುಲಿದು ಬಿದ್ದ ಲೇಪದ ಅಡಿಯಲ್ಲಿ ಉಕ್ಕು ಹೆಚ್ಚಿನ ಕಡೆ ಬೂದುಬಣ್ಣವಾಗಿತ್ತು. ಅಲ್ಲಿ ಅಲ್ಯೂಮಿನಿಯಂ ಹಿಡಿದಿತ್ತು, ಕಿತ್ತಾಗ ಚೂರು ಉಳಿಸಿಹೋಗಿತ್ತು. ಅಂಚಿನ ಹತ್ತಿರ ಮಾತ್ರ ಕೆಂಪು ತುಕ್ಕು.

ಆ ತುಕ್ಕಿಗೊಂದು ಆಕಾರವಿತ್ತು. ಐದು ಬೆರಳು, ಒಂದು ಅಂಗೈ.

ಮಣಿಕಟ್ಟಿನ ಭಾಗ ಪ್ಲೇಟಿನ ಅಂಚಿಗೆ ತಾಗಿತ್ತು. ಅಲ್ಲಿಂದ ಉಪ್ಪುನೀರು ಒಳನುಗ್ಗಿ, ಅಂಗೈ ತುಂಬಿಕೊಂಡು, ಬೆರಳು ಬೆರಳಿಗೂ ಹರಿದು ತಿಂಗಳುಗಟ್ಟಲೆ ಉಕ್ಕನ್ನು ತಿಂದಿತ್ತು. ಮೇಲಿಂದ ನೋಡಿದವರಿಗೆ ಬೆಳ್ಳಿಯಂಥ ಹೊಳಪು.

“ಯಾವ ದಿನದ ಪ್ಲೇಟು ಇದು?”

“ನಂಬರು ತುಕ್ಕಿಗೆ ಹೋಗಿದೆ. ರಿಜಿಸ್ಟರಿನಲ್ಲೂ ಒಂದು ಪುಟ ಕಾಣೆ. ನಿಮ್ಮ ಶಿಷ್ಯನೇ ಹರಿದು ಹಾಕಿರಬೇಕು.”

“ನೀನು ಹರಿದಿಲ್ಲ ತಾನೇ?”

“ಏನ್ರೀ ಹಾಗಂದ್ರೆ?” ಇಸ್ತ್ರಿಯ ಹುಬ್ಬು ಗಂಟಾಯಿತು.

“ಕೋಪ ಮಾಡ್ಕೋಬೇಡಪ್ಪ. ಹೋಗ್ಬರ್ತೀನಿ.” ಮೇಷ್ಟ್ರು ಎದ್ದು ಕೈ ಚಾಚಿದರು. ಇಸ್ತ್ರಿ ಬಿಗುವಿನಿಂದಲೇ ಕೈ ಕುಲುಕಿದ. ಮೋಟು ಬೆರಳು, ಹಲಗೆಯಂಥ ಅಗಲದ ಅಂಗೈ. ತುಕ್ಕಿನ ಬೆರಳುಗಳು ನೀಳವಾಗಿದ್ದವು. ಮನಸ್ಸಿನಲ್ಲೇ ಮೇಷ್ಟ್ರು ಒಂದು ಹೆಸರು ಹೊಡೆದುಹಾಕಿದರು.

ಹೊರಡುವ ಮುಂಚೆ ತುಕ್ಕಿನ ಮೇಲೆ ತೆಳುಕಾಗದ ಹಾಸಿ ಪೆನ್ಸಿಲಿನಿಂದ ಆಕಾರವನ್ನು ಅಳತೆಗೆ ಸರಿಯಾಗಿ ಇಳಿಸಿಕೊಂಡರು. ಆಮೇಲೆ ಸುಲಿದ ಲೇಪವನ್ನು ಬೆಳಕಿಗೆ ಹಿಡಿದರು.

ಲೇಪದ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿಲ್ಲುಗೆರೆಗಳು. ಸರಳು ಒಂದು ಸುತ್ತು ಸುತ್ತಿದ್ದಕ್ಕೆ ಒಂದು ಗೆರೆ. ಮಷೀನು ಬೇಗ ಸರಿದರೆ ಗೆರೆಗಳ ನಡುವೆ ಅಂತರ ಹೆಚ್ಚು, ನಿಧಾನವಾದರೆ ಕಡಿಮೆ. ಪ್ಲೇಟಿನ ಉದ್ದಕ್ಕೂ ಒಂದೇ ಸಮನೆ ಬಂದ ಗೆರೆಗಳು ಅಂಗೈಯ ಮೇಲೆ ಬರುತ್ತಲೂ ಒತ್ತೊತ್ತಾಗಿ ಕೂತಿದ್ದವು. ದಾಟಿದ ಮೇಲೆ ಮತ್ತೆ ಸಡಿಲ.

ಆ ಜಾಗದಲ್ಲಿ ಗಿರಗಿಟ್ಲೆ ಬೇಕೆಂದೇ ಮಷೀನು ನಿಧಾನ ಮಾಡಿದ್ದ. ಅಂದರೆ ಅಲ್ಲಿ ಕೈ ಬಿದ್ದಿದ್ದು ಅವನಿಗೆ ಆಗಲೇ ಗೊತ್ತಿತ್ತು.

ಗೇಟಿನ ಹೊರಗೆ ಅವನ ಮಗಳು ಕಾಯುತ್ತಿದ್ದಳು. ಇಪ್ಪತ್ತಾರರ ಹೆಣ್ಣು. ಅಪ್ಪನ ಮಷೀನಿಗೆ ಹೋಗುವ ಪ್ಲೇಟುಗಳನ್ನು ಉಜ್ಜಿ ಒರೆಸುವುದು ಅವಳ ಕೆಲಸ. ಪಕ್ಕದ ಅಂಗಡಿಯಿಂದ ಎರಡು ಲೋಟ ಟೀ ತಂದಳು. ನಿನ್ನೆಯಿಂದ ಅತ್ತ ಕಣ್ಣು ಊದಿಕೊಂಡಿತ್ತು.

“ಕುಡೀರಿ ಮೇಷ್ಟ್ರೇ. ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀವು.” ಮೇಷ್ಟ್ರು ಲೋಟ ಎತ್ತಿದಾಗ ಅಷ್ಟು ದುಃಖದಲ್ಲೂ ಅವಳ ತುಟಿ ಅರಳಿತು. “ಕಿರುಬೆರಳು ಎತ್ತಿಕೊಂಡು ಯಾವ ಮಹಾರಾಜರ ಹಾಗೆ ಟೀ ಕುಡೀತೀರಿ! ಅಪ್ಪ ಮನೇಲಿ ನಿಮ್ಮನ್ನ ಅಣಕಿಸ್ತಾ ಇರ್ತಾನೆ.”

“ಅಣಕಿಸಲಿ ಬಿಡು. ಒಂದು ಕೇಳ್ತೀನಿ, ಮುಚ್ಚುಮರೆ ಇಲ್ಲದೆ ಹೇಳ್ತೀಯಾ ಮಗಳೇ?”

“ಕೇಳಿ.”

“ಒರೆಸಿದ ಮೇಲೆ ನೀನು ಯಾವತ್ತಾದರೂ ಬರಿಗೈಯಲ್ಲಿ ಪ್ಲೇಟು ಮುಟ್ಟಿದ್ಯಾ?”

ಲೋಟ ಅವಳ ಕೈಯಲ್ಲೇ ನಿಂತಿತು. “ನನ್ನ ಮೇಲೆ ಅನುಮಾನಾನಾ?”

“ನಿನ್ನಪ್ಪ ಯಾರನ್ನೋ ಉಳಿಸೋಕೆ ಹೊರಟಿದ್ದಾನೆ. ತಂದೆ ಆದವನು ಯಾರನ್ನ ಉಳಿಸ್ತಾನೆ, ಹೇಳು?”

ಅವಳು ಟೀ ನೆಲಕ್ಕೆ ಚೆಲ್ಲಿ, ಬಲಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. “ಅಳೆದು ನೋಡಿ.”

ಮೇಷ್ಟ್ರು ಕಾಗದ ಬಿಡಿಸಿದರು. ಅವಳ ಕೈ ಆ ಆಕಾರದೊಳಗೆ ದೊಡ್ಡ ಚಪ್ಪಲಿಯಲ್ಲಿ ಮಗುವಿನ ಪಾದದ ಹಾಗೆ ಕೂತಿತು.

“ಕ್ಷಮಿಸಮ್ಮ” ಎಂದರು ಮೇಷ್ಟ್ರು.

“ನನ್ನ ಕ್ಷಮೆ ಇಟ್ಕೊಂಡು ಏನು ಮಾಡ್ತೀರಿ? ಅಪ್ಪನ್ನ ಕರ್ಕೊಂಡು ಬನ್ನಿ.”

ಠಾಣೆಯ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ಇನ್ಸ್‌ಪೆಕ್ಟರ್ ಮೇಡಂ ಕಡತದ ರಾಶಿಯ ಹಿಂದಿನಿಂದ ತಲೆ ಎತ್ತಿದರು. ಅರ್ಧ ತಲೆ ನರೆತ, ಮಾತು ಕಡಿಮೆಯ ಹೆಂಗಸು.

“ಮೇಷ್ಟ್ರೇ, ನೀವು ಬರ್ತೀರಿ ಅಂತ ಗೊತ್ತಿತ್ತು. ಅವನು ರುಜು ಹಾಕಿಯಾಗಿದೆ. ಹೊಡೆದಿಲ್ಲ, ಬೈದಿಲ್ಲ. ಅವನೇ ಪೆನ್ನು ಕೇಳಿ ಬರೆದ.”

“ಕಡತಕ್ಕೆ ಸೇರಿಸಿದ್ದೀರಾ?”

“ಹನ್ನೆರಡಕ್ಕೆ ಮೊಹರು ಹಾಕ್ತೀನಿ.”

“ಹಾಗಾದರೆ ಅವನ ಹತ್ರ ಹತ್ತು ನಿಮಿಷ ಕೂರೋಕೆ ಬಿಡಿ. ನೀವೂ ಇರಿ.”

ಗಿರಗಿಟ್ಲೆಯನ್ನು ಕರೆತಂದು ಕೂರಿಸಿದರು. ನಡುವೆ ಒಂದು ಮೇಜು, ಮೇಜಿನ ಮೇಲೆ ಅವನ ಕೈಬರಹದ ಎರಡು ಹಾಳೆ. ಮಗಳು ಗೋಡೆಗೆ ಒರಗಿ ನಿಂತಳು. ಒಂದು ಕಾಲದಲ್ಲಿ ಒಂದು ಕಡೆ ನಿಲ್ಲಲಾರದ ಹುಡುಗ ಈಗ ನೆಟ್ಟ ಕಂಬದ ಹಾಗೆ ಅಲುಗಾಡದೆ ಕೂತಿದ್ದ. ಮೇಷ್ಟ್ರಿಗೆ ಅದೇ ತಡೆಯಲಾಗಲಿಲ್ಲ.

“ಊಟ ಮಾಡಿದ್ಯೇನೋ?”

“ಹೂಂ ಮೇಷ್ಟ್ರೇ.”

“ಸುಳ್ಳು ಹೇಳೋದು ನಿನಗೆ ಆವತ್ತೂ ಬರ್ತಿರಲಿಲ್ಲ. ಇದರಲ್ಲಿ ಏನು ಬರೆದಿದ್ದೀಯ?”

“ಪ್ಲೇಟು ಒರೆಸದೆ ಲೇಪ ಹಾಕಿದೆ ಅಂತ. ನಿಜಾನೇ ಅದು.”

“ಒರೆಸದೇ ಇದ್ದಿದ್ರೆ ಇಡೀ ಮೈ ಬಿಡಬೇಕಿತ್ತು. ಬಿಟ್ಟಿರೋದು ಒಂದು ಅಂಗೈ ಅಗಲ. ಆ ಕೈ ಯಾರದು?”

“ನಂದೇ.”

“ನಿಂದಾಗಿದ್ರೆ ಇನ್ನೊಂದು ಸಲ ಒರೆಸ್ತಿದ್ದೆ. ಅರ್ಧ ನಿಮಿಷದ ಕೆಲಸ. ನೀನು ಒರೆಸಲಿಲ್ಲ, ಮಷೀನು ನಿಧಾನ ಮಾಡಿದೆ. ಗೆರೆ ನೋಡಿದೀನಿ ಕಣೋ. ಯಾರಿಗೆ ಹೆದರಿದೆ?”

“ಹೆದರಿಕೆ ಅಲ್ಲ.”

“ಮತ್ತೇನು?”

“ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಮನೆಗೆ ಹೋಗಿ. ಇದನ್ನ ಇಲ್ಲಿಗೇ ಬಿಡಿ.”

“ಸತ್ತವನಿಗೆ ಇಬ್ಬರು ಮಕ್ಕಳು. ಅವರಿಗೂ ಹೀಗೇ ಹೇಳ್ಲಾ? ಇಲ್ಲಿಗೇ ಬಿಡಿ ಅಂತ?”

ಅವನು ಮುಖ ತಿರುಗಿಸಿದ. ಮೇಷ್ಟ್ರು ಪೆನ್ಸಿಲ್ ಗುರುತಿನ ಕಾಗದವನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸುಕ್ಕು ಸವರಿದರು. “ಇಡು ಕೈ. ನಿಂದೇ ಅಂತೀಯಲ್ಲ, ಕೂರುತ್ತಾ ನೋಡೋಣ.”

ಗಿರಗಿಟ್ಲೆ ಮುಷ್ಟಿ ಇಟ್ಟ.

“ಲೋ, ಮುಷ್ಟಿ ಅಲ್ಲ. ಬೆರಳು ಬಿಡಿಸು.”

ಬಿಡಿಸಿದ. ಬೆರಳು ಬೆರಳು ಕೂಡಿಸಿ, ಕೈ ಓರೆಯಾಗಿಟ್ಟ.

“ಥೂ, ಮೂವತ್ತು ವರ್ಷ ಆದರೂ ಹೇಳಿದ ಹಾಗೆ ಮಾಡೋದು ಕಲೀಲಿಲ್ಲ ನೀನು. ಹೀಗಲ್ವೋ. ಇಲ್ಲಿ ನೋಡು, ಹೀಗೆ” ಎಂದು ಮೇಷ್ಟ್ರು ಅವನ ಕೈ ಸರಿಸಿ, ಪಾಠ ಹೇಳುವ ಅಭ್ಯಾಸದಲ್ಲಿ ತಮ್ಮ ಕೈಯನ್ನೇ ಕಾಗದದ ಮೇಲೆ ಇಟ್ಟು ತೋರಿಸಿದರು.

ಕೈ ಕೂತಿತು.

ಹೆಬ್ಬೆರಳು ಹೆಬ್ಬೆರಳಿನ ಗೆರೆಯೊಳಗೆ. ನಡುಬೆರಳಿನ ಉದ್ದ ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ಯೌವನದಲ್ಲಿ ಇಕ್ಕಳಕ್ಕೆ ಸಿಕ್ಕಿ ಸೊಟ್ಟಗೆ ಕೂಡಿಕೊಂಡ ಕಿರುಬೆರಳು ಉಳಿದವುಗಳಿಂದ ದೂರ ನಿಂತಿತ್ತು. ಕಾಗದದಲ್ಲೂ ಅಷ್ಟೇ ದೂರ.

ಗಿರಗಿಟ್ಲೆ ಕಣ್ಣು ಮುಚ್ಚಿಕೊಂಡಿದ್ದ.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಬೇರೆ ಯಾರದೋ ಕೈ ನೋಡುವ ಹಾಗೆ ತಮ್ಮ ಕೈ ನೋಡಿದರು. ಮಗಳ ಕೈ ಅಳೆದಿದ್ದರು, ಇಸ್ತ್ರಿಯ ಕೈ ಕುಲುಕಿದ್ದರು. ಈ ಒಂದು ಕೈ ಮಾತ್ರ ಎಲ್ಲ ಹೊತ್ತೂ ಜೊತೆಯಲ್ಲೇ ಇತ್ತು. ಪೆನ್ಸಿಲು ಹಿಡಿದದ್ದೂ ಇದೇ.

“ಯಾವತ್ತು?” ಎಂದರು. ಸ್ವರ ತಮ್ಮದೇ ಎನ್ನಿಸಲಿಲ್ಲ.

“ಮಷೀನು ಶುರು ಮಾಡಿದ ದಿನ. ಹೋದ ವರ್ಷ. ನಿಮ್ಮನ್ನ ನಾನೇ ಬಂದು ಕರ್ಕೊಂಡು ಹೋಗಿದ್ದೆನಲ್ಲ.”

ನೆನಪಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವರು ನಿಜವಾಗಿ ಸಂತೋಷಪಟ್ಟ ದಿನ ಅದೊಂದೇ. ಶಿಷ್ಯ ಹತ್ತಾರು ಜನದ ಮುಂದೆ ಕೈಹಿಡಿದು ಕರೆತಂದು, “ಇವರೇ ನನ್ನ ಮೇಷ್ಟ್ರು” ಎಂದಿದ್ದ. ಹೊಸ ಮಷೀನಿನ ಹಳಿಯನ್ನು ಬೆರಳಿಂದ ಸವರಿ ನೋಡಿದ್ದರು. ಆಮೇಲೆ ಪ್ಲೇಟು ಬಿಸಿ ಮಾಡುವ ಕಬ್ಬಿಣದ ಮಂಚದ ಮೇಲೆ ಸಾಲಾಗಿ ಇಟ್ಟಿದ್ದ ಪ್ಲೇಟುಗಳ ಕಡೆ ನಡೆದಿದ್ದರು.

“ಹಳಿಯಲ್ಲಿ ಗ್ರೀಸು ಸಾಕಾ ಅಂತ ಸವರಿದ್ರಿ” ಎಂದ ಗಿರಗಿಟ್ಲೆ. “ಬಟ್ಟೆಗೆ ಒರೆಸ್ಕೊಂಡ್ರಿ, ಆದರೆ ಹೋಗಿರಲಿಲ್ಲ. ಆಮೇಲೆ ಪ್ಲೇಟಿನ ಮೇಲೆ ಕೈಯಿಟ್ಟು, ಬಿಸಿ ಸಾಕು ಕಣೋ, ಶುರು ಮಾಡು ಅಂದ್ರಿ.”

ಬೆಸುಗೆಗೆ ಮುಂಚೆ ಅಂಗೈಯಿಟ್ಟು ಬಿಸಿಯ ಹದ ನೋಡುವುದನ್ನು ಮೂವತ್ತು ವರ್ಷ ಕಲಿಸಿದವರು ಅವರೇ. ಆ ಕಾಲದ ಬೆಸುಗೆಗೆ ಅದು ಸರಿಯಿತ್ತು. ಬೆಂಕಿ ಎಲ್ಲವನ್ನೂ ಉರಿಸಿ ಶುದ್ಧ ಮಾಡುತ್ತಿತ್ತು. ಈ ಮಷೀನಿನಲ್ಲಿ ಬೆಂಕಿಯೇ ಇರಲಿಲ್ಲ.

“ನೀನು ನೋಡಿದ್ಯಾ?”

“ನೋಡಿದೆ.”

“ನೋಡಿ ಸುಮ್ಮನಿದ್ದೆ?”

“ಅಷ್ಟು ಜನ ನಿಂತಿದ್ರು ಮೇಷ್ಟ್ರೇ. ನೀವು ಕೈಯಿಟ್ಟ ಜಾಗವನ್ನ ನಿಮ್ಮ ಕಣ್ಣೆದುರಿಗೇ ನಾನು ಬಟ್ಟೆ ತಗೊಂಡು ಒರೆಸೋದಾ? ಕೈ ಬರಲಿಲ್ಲ. ನಿಧಾನ ಮಾಡಿ ಜಾಸ್ತಿ ಒತ್ತಿದರೆ ಜಿಡ್ಡು ಉರಿದುಹೋಗುತ್ತೆ ಅಂದ್ಕೊಂಡೆ.” ಅವನು ಹಣೆ ಮೇಜಿಗೆ ಊರಿದ. “ಹೋಗಲಿಲ್ಲ. ಆಮೇಲೆ ಆ ಪುಟ ನಾನೇ ಹರಿದು ಸುಟ್ಟೆ.”

ಗೋಡೆಯ ಹತ್ತಿರ ಮಗಳು ಮೆಲ್ಲಗೆ ಕುಸಿದು ಕೂತಳು.

ದೇವರೇ ಎಂದು ಮೇಷ್ಟ್ರ ಬಾಯಿಗೆ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಹೆಸರು ಕರೆದರೆ ಓಗೊಡುವವರಿಲ್ಲ ಎನ್ನಿಸಿತು. ಪ್ರತಿ ಬೆಳಿಗ್ಗೆ ಜೋಡಿಸಿದ ಕೈ ಇದೇ. ಶಿಷ್ಯರ ತಲೆಯ ಮೇಲಿಟ್ಟು ಹರಸಿದ ಕೈಯೂ ಇದೇ. ಹಗ್ಗ ಕಟ್ಟುವವನೊಬ್ಬ ಹಡಗುಕಟ್ಟೆಯಲ್ಲಿ ಇದರ ಕೆಳಗೆ ಸಿಕ್ಕಿ ಸತ್ತ.

ಇನ್ಸ್‌ಪೆಕ್ಟರ್ ಎಲ್ಲರಿಗಿಂತ ಮೊದಲು ಸಾವರಿಸಿಕೊಂಡರು.

“ಆವತ್ತು ಬಿಸಿಗೆ ಇಟ್ಟಿದ್ದ ಪ್ಲೇಟು ಎಷ್ಟು?”

ಗಿರಗಿಟ್ಲೆ ತಲೆ ಎತ್ತಲಿಲ್ಲ. “ಐದು.”

“ಮೇಷ್ಟ್ರು ಮುಟ್ಟಿದ್ದು ಎಷ್ಟು?”

“ಮೂರು. ಮುರಿದದ್ದು ಮೂರನೇದು.”

ಮೇಷ್ಟ್ರ ಮುಖದಲ್ಲಿ ಉಳಿದಿದ್ದ ರಕ್ತವೂ ಇಳಿಯಿತು. “ಮೂರನೇದರ ಹೊತ್ತಿಗೆ ಕೈಯಲ್ಲಿ ಜಿಡ್ಡು ಕಡಿಮೆ ಆಗಿರಬೇಕು” ಎಂದರು ತಮಗೇ ಹೇಳಿಕೊಳ್ಳುವಂತೆ. “ಅದೇ ಇಷ್ಟು ಬೇಗ ಮುರೀತು ಅಂದ್ರೆ ಉಳಿದೆರಡನ್ನ ತುಕ್ಕು ಇನ್ನೂ ಹೆಚ್ಚು ತಿಂದಿರಬೇಕು. ಮೊದಲನೇದು, ಎರಡನೇದು ಎಲ್ಲಿವೆಯೋ?”

“ಎರಡನ್ನೂ ಒಂದೇ ಚೌಕಟ್ಟಿಗೆ ಹಾಕಿದೆವು. ಹೊಳೆಯಾಚೆಯ ದೊಡ್ಡ ಹಡಗುಕಟ್ಟೆಗೆ ಹೋಯ್ತು. ಹೇಳಿದ್ರೆ ನಿಮ್ಮ ಹೆಸರು ಬರುತ್ತೆ ಅಂತ ಬಾಯಿ ಬಿಡಲಿಲ್ಲ.”

“ಅಲ್ಲಿ ದೋಣಿ ಎತ್ತೋದು ಎಷ್ಟು ಗಂಟೆಗೆ?” ಇನ್ಸ್‌ಪೆಕ್ಟರ್ ಕೇಳಿದರು.

“ದಿನಾ ಹನ್ನೊಂದಕ್ಕೆ.”

ಎಲ್ಲರೂ ಗೋಡೆಯ ಕಡೆ ನೋಡಿದರು. ಹನ್ನೊಂದಕ್ಕೆ ನಾಲ್ಕು ನಿಮಿಷ.

ಇನ್ಸ್‌ಪೆಕ್ಟರ್ ಫೋನು ಕಿವಿಗೆ ಹಿಡಿದಿದ್ದರು. ಒಂದು ಕೈಯಲ್ಲಿ ಸನ್ನೆ ಮಾಡಿ ಜೀಪು ತೆಗೆಯಲು ಪೇದೆಯನ್ನು ಓಡಿಸಿದರು. ಅತ್ತ ಗಂಟೆ ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

“ಎತ್ರೋ, ಎತ್ರೋ” ಎಂದು ಗಿರಗಿಟ್ಲೆ ಮೇಜಿನ ಅಂಚು ಹಿಡಿದು ಗೊಣಗುತ್ತಿದ್ದ.

ಮೇಷ್ಟ್ರು ಒಂದು ಖಾಲಿ ಹಾಳೆ ಎಳೆದುಕೊಂಡು ಬರೆಯತೊಡಗಿದರು. ನಾಲ್ಕೇ ಸಾಲು. ಕೆಳಗೆ ರುಜು. ಅದನ್ನು ಇನ್ಸ್‌ಪೆಕ್ಟರ್ ಎದುರಿಗೆ ಇಟ್ಟರು. ಫೋನು ಕೆಳಗಿಡದೆಯೇ ಮೇಡಂ ಅದನ್ನು ಓದಿದರು, ಒಮ್ಮೆ ಮೇಷ್ಟ್ರ ಮುಖ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು.

ಮೇಷ್ಟ್ರು ಮೇಜಿನ ಮೇಲಿದ್ದ ಆ ಎರಡು ಹಾಳೆಗಳನ್ನು ಎತ್ತಿಕೊಂಡರು. ಅಂಚಿಗೆ ಅಂಚು ಕೂಡಿಸಿದರು.

“ನೋಡಿಯೂ ಸುಮ್ಮನಿದ್ದ ಪಾಲು ನಿಂದು. ಅದನ್ನ ಆಮೇಲೆ ನೀನೇ ಬರಿ” ಎಂದರು, ತರಗತಿಯಲ್ಲಿ ತಿದ್ದಿದ ಪುಸ್ತಕ ವಾಪಸ್ಸು ಕೊಡುವಾಗಿನ ತಗ್ಗಿದ ದನಿಯಲ್ಲಿ. “ನನ್ನ ಪಾಲಿಗೆ ನಿನ್ನ ಹೆಸರು ಹಾಕಬೇಡ. ತಗೋ.”

ಗಿರಗಿಟ್ಲೆ ಕೈ ಚಾಚಲಿಲ್ಲ. ಮಗಳು ಎದ್ದು ಬಂದು ಅಪ್ಪನ ಕೈ ಬಿಡಿಸಿದಳು. ಮೇಷ್ಟ್ರು ಹಾಳೆಗಳನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

ಹೊಳೆಯಾಚೆ ಫೋನು ಇನ್ನೂ ಹೊಡೆದುಕೊಳ್ಳುತ್ತಿತ್ತು.